ಮೂಗಿನ ಲೆಕ್ಕ

ಕ್ರೇಡ್ಲಿ ಹೀತ್‌ನಲ್ಲಿ, ಸರಪಳಿ ಕಾರ್ಖಾನೆ ಮುಚ್ಚಿದ ಬೀದಿಯಲ್ಲಿ
ರೋಲೆಂಡ್ ಟ್ರೋಮನ್ಸ್‌ಗೆ ಒಂದೇ ಹಟ:
ಮೂಗಿರುವ ಬುಲ್‌ಡಾಗ್ ಬೇಕು.

ಅವನ ಮುತ್ತಜ್ಜಂದಿರ ಕಾಲದವರಂತೆ,
ಗೂಳಿಯ ಮೂತಿ ಕಚ್ಚಿ ನೇತಾಡುವಾಗಲೂ
ಉಸಿರಾಡಲಿ ಎಂದು
ನಾಯಿಯ ಮೂಗನ್ನು ತಲೆಮಾರಿನಿಂದ ತಲೆಮಾರಿಗೆ
ಒಳಗೊಳಗೆ ಒತ್ತಿದವರು.
ಕಾನೂನು ಬಂತು, ಗೂಳಿ ಪಾರಾಯಿತು.
ಮೂಗನ್ನು ವಾಪಸು ಕರೆಯಲು
ಯಾರಿಗೂ ನೆನಪಾಗಲಿಲ್ಲ.

ಆಲ್ಡರ್‌ಮನ್, ಅವನ ಗಂಡು ಬುಲ್‌ಡಾಗ್,
ಮೂರು ಮೆಟ್ಟಿಲು ಹತ್ತಿದರೆ ಕುದಿಯುವ ಕೆಟಲ್.
ಮಲಗಿದರೆ, ಗೋಡೆಯಾಚೆ
ನಮ್ಮ ಮನೆಯ ಕಪ್ಪು ಬಸಿ ನಡುಗುತ್ತಿದ್ದವು.
'ನಾನೂ ಅವನೂ ಒಂದೇ ರಾಗ' ಎನ್ನುತ್ತಿದ್ದ ಮುದುಕ,
ನಲವತ್ತು ವರ್ಷ ಕುಲುಮೆಯ ಹೊಗೆ ಕುಡಿದವನು.

ಬಾಕ್ಸರ್ ಹೆಣ್ಣು ಟಿಲ್ಲಿ ಡಡ್ಲಿಯಿಂದ ಬಂದಳು.
ತಾಯಿ ಬಾಕ್ಸರೇ ಆಗಬೇಕು:
ಬುಲ್‌ಡಾಗ್ ಬಸಿರಲ್ಲಿ ಮರಿಯ ತಲೆ ದೊಡ್ಡದು, ದಾರಿ ಚಿಕ್ಕದು,
ಹೊಟ್ಟೆ ಕೊಯ್ಯದೆ ಹೆರಿಗೆಯಾಗುವುದು ಅಪರೂಪ.
ಸಂಬಂಧ ಕುದುರಿಸುವವನ ಹಾಗೆ
ಬೆರಳು ಮಡಿಸಿ ಎಣಿಸಿದ:
ಇವಳ ಮೂಗು, ಅವನ ತಾಳ್ಮೆ,
ಇವಳ ಕಾಲು, ಅವನ ಎದೆ,
ಮಕ್ಕಳನ್ನು ಕಂಡರೆ ಇಬ್ಬರಿಗೂ ಇರುವ ಅಕ್ಕರೆ.
ಒಂದು ಕೈ ಮುಗಿಯಿತು.
ಬೇಡದ್ದನ್ನು ಎಣಿಸಲು ಇನ್ನೊಂದು ಕೈ ಇತ್ತು;
ಅದರಲ್ಲಿ ಟೀ ಹಿಡಿದಿದ್ದ.

ಮಾರ್ಚ್ ತಿಂಗಳ ಇರುಳು. ಅಡುಗೆಮನೆಯ ನೆಲ, ಹಳೆ ಪತ್ರಿಕೆ.
ನನಗೆ ಹದಿಮೂರು.
ಟವೆಲ್ ಹಿಡಿಯುವುದು, ಹೊತ್ತು, ತೂಕ ಬರೆಯುವುದು ನನ್ನ ಪಾಲು.
ಹಿಟ್ಟು ತೂಗುವ ತಕ್ಕಡಿಯಲ್ಲಿ
ಒದ್ದೆ ಮರಿ, ನಾನೂರ ಮೂವತ್ತು ಗ್ರಾಂ.
'ಯಾರ ಹಾಗಿದೆ?' ಎಂದ ಕೂಡಲೇ.
ಯಾರ ಹಾಗೂ ಇರಲಿಲ್ಲ,
ಸುಲಿದಿಟ್ಟ ಆಲೂಗಡ್ಡೆಯ ಹಾಗಿತ್ತು.

ಆರು ಮರಿ. ಎಂಟು ವಾರಕ್ಕೆ ಲೆಕ್ಕ ಬಿಚ್ಚಿಕೊಂಡಿತು.
ಒಂದಕ್ಕೆ ಹುಲಿಪಟ್ಟೆ, ನೀಳ ಕಾಲು, ಬೇಲಿ ಹಾರುವ ಹುಚ್ಚು.
ಒಂದು ತಟ್ಟೆಯ ಮುಂದೆ ನ್ಯಾಯಾಧೀಶ.
ಒಂದರ ಕೆಳದವಡೆ
ಮುಚ್ಚಲು ಬಾರದ ಮೇಜಿನ ಖಾನೆ.
ಪೂರ್ತಿ ಬಿಳಿಯದಕ್ಕೆ ಕಿವಿ ಕೇಳದು;
ನೆಲ ತಟ್ಟಿದರೆ ತಿರುಗುತ್ತಿತ್ತು.
ಇನ್ನು ಬಾಲ: ಟಿಲ್ಲಿಯದನ್ನು ಎಳವೆಯಲ್ಲೇ ಯಾರೋ ಕತ್ತರಿಸಿದ್ದರು,
ಆಲ್ಡರ್‌ಮನ್‌ನದು ಹುಟ್ಟಾ ತಿರುಪುಮೊಳೆ.
ಮರಿಗಳಿಗೆ ಡೊಂಕು, ಅರೆಡೊಂಕು,
ಒಂದಕ್ಕೆ ಮಾತ್ರ ಗೆರೆ ಎಳೆದಂತೆ ನೆಟ್ಟಗೆ.
ಗಾದೆ ಕಟ್ಟಿದವರು ಆ ರಾತ್ರಿ ಅಲ್ಲಿರಲಿಲ್ಲ.

ಮೂಗುಳ್ಳವು ಮಾರಾಟವಾದವು.
ಬಿಳಿಯದನ್ನು ಕೈಸನ್ನೆ ಬಲ್ಲ ಹೆಂಗಸೊಬ್ಬಳು ಎತ್ತಿಕೊಂಡಳು.
ಉಳಿದದ್ದು ಆರನೆಯದು,
ತಿರುಗುಮುರುಗಾಗಿ ಕೂಡಿದ ಲೆಕ್ಕ:
ಟಿಲ್ಲಿಯ ಕಾಲು, ಆಲ್ಡರ್‌ಮನ್‌ನ ಮೂಗು.
ಚಲಾವಣೆ ನಿಂತ ನಾಣ್ಯದ ಹೆಸರಿಟ್ಟ:
ಫಾರ್ದಿಂಗ್.

ಆ ಬೇಸಿಗೆಯ ಸೆಕೆಯಲ್ಲಿ ಆಲ್ಡರ್‌ಮನ್ ಹೋದ,
ಬಾಗಿಲ ನೆರಳಲ್ಲೇ, ನೀರಿನ ಬೋಗುಣಿಯ ಪಕ್ಕ.

ಕಾಲುವೆ ದಂಡೆಯಲ್ಲಿ ಫಾರ್ದಿಂಗ್ ಬಾಣದ ಹಾಗೆ ಬಿಟ್ಟುಕೊಳ್ಳುತ್ತಿತ್ತು,
ನಲವತ್ತು ಗಜ. ಅಲ್ಲೇ ಕುಸಿದು
ಗರಗಸ ಎಳೆದಂತೆ ಉಸಿರೆಳೆಯುತ್ತಿತ್ತು.
ಕೋಲೂರಿ ರೋಲೆಂಡ್ ಆ ನಲವತ್ತು ಗಜ ನಡೆದು ಮುಟ್ಟುವಾಗ
ಅದಕ್ಕೆ ದಣಿವು ಆರಿರುತ್ತಿತ್ತು, ಇವನಿಗೆ ಶುರು.
ಈಗ ಅದು ಕಾಯಬೇಕು.
ಕಾಯುತ್ತಿತ್ತು.
ಹೀಗೆ ಕಂತು ಕಂತಾಗಿ ಸೇತುವೆಯವರೆಗೆ.

ಡಾಕ್ಟರ್ ಪ್ರಿಡೀ ಹೇಳಿದ: ಹೊಳ್ಳೆ ಹಿಗ್ಗಿಸಬಹುದು,
ಅಂಗುಳಿನ ಹಿಂದಿನ ಜೋಲನ್ನು ಕತ್ತರಿಸಬಹುದು,
ಒಂಬೈನೂರು ಪೌಂಡ್.
ತನ್ನ ಎದೆಯ ಆಸ್ಪತ್ರೆಗೆ ಎರಡು ಸಲ ತಪ್ಪಿಸಿಕೊಂಡಿದ್ದವನು
ಬಿಸ್ಕತ್ ಡಬ್ಬಿಯಿಂದ ನೋಟು ಎಣಿಸಿದ.

ಅದು ಮನೆಗೆ ಬಂದ ರಾತ್ರಿ
ಬಸಿಗಳು ಅಲುಗಲಿಲ್ಲ.
ಅಮ್ಮ ಎದ್ದು ಬಂದು ಗೋಡೆಗೆ ಕಿವಿ ಇಟ್ಟಳು.
ನಾನೂ ಇಟ್ಟೆ.
ಆಚೆಯಿಂದ ಒಂದೇ ಗೊರಕೆ,
ಹರಿದದ್ದು, ಮುದಿಯದು,
ನಡುನಡುವೆ ನಿಲ್ಲುವಂಥದ್ದು.
ಅದು ನಿಂತಾಗಲೆಲ್ಲ
ನೆಲದ ಮೇಲೆ ಉಗುರಿನ ಸದ್ದು, ಟಕ್ ಟಕ್,
ಮಂಚದವರೆಗೆ ಬಂದು,
ಮತ್ತೆ ಶುರುವಾಗುವತನಕ
ಅಲ್ಲೇ.