ಮುಹೂರ್ತವಿಲ್ಲದ ರಾತ್ರಿಗಳು

ಕಾರು ಕೊಳ್ಳುವಾಗ ಎಲ್ಲ ಕೇಳಿದೆ,
ಮೈಲೇಜು, ಕ್ಲಚ್ಚು, ಎಷ್ಟನೇ ಕೈ, ಇನ್ಶೂರೆನ್ಸು.
ರಾತ್ರಿ ಇದು ಎಲ್ಲಿ ಮಲಗುತ್ತದೆ ಅಂತ
ನಾನೂ ಕೇಳಲಿಲ್ಲ, ಮಾರಿದವನೂ ಹೇಳಲಿಲ್ಲ.

ಹನುಮಂತನಗರದ ನಮ್ಮ ಗಲ್ಲಿಯಲ್ಲಿ
ಎರಡು ಹಸು ಎದುರಾದರೆ ಒಂದು ಹಿಂದೆ ಸರಿಯಬೇಕು.
ಮನೆಮನೆಯ ಮುಂದೂ ಒಂದೊಂದು ಗಡಿ:
ತಳ ಒಡೆದ ಬಕೆಟ್ಟಿನಲ್ಲಿ ದೊಡ್ಡಪತ್ರೆ,
ಸಿಮೆಂಟು ತುಂಬಿದ ಪೇಂಟ್ ಡಬ್ಬ,
ಯಾರೂ ರುಬ್ಬದ ಒರಳುಕಲ್ಲು.
ಆ ಕಲ್ಲನ್ನು ಒಂದೇ ಒಂದು ಗೇಣು ಸರಿಸಿದ್ದಕ್ಕೆ
ಬೆಳಿಗ್ಗೆ ವೈಪರಿನಡಿ ಚೀಟಿ,
"ಇದು ನಮ್ಮತ್ತೆಯ ಕಾಲದ್ದು."
ಮುಂದಿನ ಟೈರಿನಲ್ಲಿ ಗಾಳಿ ಇರಲಿಲ್ಲ.

ಸಾಮಿಲ್ಲಿನ ಖುದ್ದೂಸ್ ಸಾಹೇಬರು ಹೇಳಿದರು,
ಜಾಗವಿದೆ ತಾಯಿ, ಹೊಟ್ಟು ಹಾರುತ್ತೆ,
ಬಿಳೀ ಕಾರು ಬೆಳಗಾದರೆ ತೇಗದ ಬಣ್ಣ.
ಅಪಾರ್ಟ್‌ಮೆಂಟಿನ ಸೆಕ್ರೆಟರಿ,
ಹೊರಗಿನವರಿಗೆ ತಿಂಗಳಿಗೆ ನಾಲ್ಕೂವರೆ ಸಾವಿರ.
ನಾಲ್ಕೂವರೆ ಸಾವಿರಕ್ಕೆ ನಾನು
ಒಂಬತ್ತು ಮೊಣಕಾಲು ಮಡಿಸಿ ಬಿಡಿಸಬೇಕು
ಮನೆಮನೆಗೆ ಹೋಗಿ, ಜೆ.ಪಿ. ನಗರದ ತನಕ,
"ಇನ್ನೊಂಚೂರು ಅಜ್ಜಿ, ಇನ್ನೊಂಚೂರು."

ಗೋಕರ್ಣದಲ್ಲೂ ಹೀಗೇ ಸುತ್ತಿದ್ದೆ ಡಿಸೆಂಬರಿನಲ್ಲಿ.
ಕೊನೆಗೆ ಬಲೆ ಒಣಹಾಕುವ ಅಂಗಳ ಸಿಕ್ಕಿತು,
ರಾತ್ರಿಗೆ ನೂರೈವತ್ತು, ಅಲೆಯ ಸದ್ದು ಪುಕ್ಕಟೆ.
ಮ್ಯಾಟಿನಡಿ ಆ ಮರಳು ಇನ್ನೂ ಇದೆ.

ಇಲ್ಲಿ ಸಿಕ್ಕಿದ್ದು ಕಲ್ಯಾಣಮಂಟಪ.
ಗಂಗಬೈರಯ್ಯ, ಚೌಲ್ಟ್ರಿಯ ರೈಟರು,
ಕಿವಿಯ ಮೇಲೆ ಪೆನ್ನು.
"ರಾತ್ರಿಗೆ ನಲವತ್ತು ರೂಪಾಯಿ. ಏಳಕ್ಕೆಲ್ಲ ಹೊರಗೆ.
ಲಗ್ನ ಇದ್ದ ದಿನ ಮಾತ್ರ ನಿಮ್ಮ ಪಾಡು ನಿಮ್ಮದು."
ಒಂದು ಪಂಚಾಂಗ ಕೊಟ್ಟರು,
ಬುಕ್ಕಾದ ಮುಹೂರ್ತಕ್ಕೆಲ್ಲ ಕೆಂಪಿಂಕಿನ ಸುತ್ತು.

ನಲವತ್ತೊಂದು ವರ್ಷದಲ್ಲಿ ಆ ಪುಟ ತೆರೆದವಳಲ್ಲ ನಾನು.
ಊಟಕ್ಕೆ ಕೂತು ಬೆರಳಿಟ್ಟು ಓದುತ್ತಿದ್ದೆ,
ಮಾಘ ಶುದ್ಧ ಪಂಚಮಿ, ಸಪ್ತಮಿ, ದಶಮಿ.
ಅಮ್ಮ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.
ಏನೂ ಕೇಳಲಿಲ್ಲ.
ತುಪ್ಪ ಎರಡು ಚಮಚ ಹೆಚ್ಚಿಗೆ ಬಿತ್ತು.
ಹೇಳಿಬಿಡಬೇಕಿತ್ತು, ಕಾರಿಗೆ ಅಂತ.
ಉಂಡೆ.
ಗೊತ್ತಾದ ಮೇಲೆ ಎರಡು ದಿನ ಮಾತಿಲ್ಲ.

ಆಷಾಢ ಬಂತು. ಊರಿಗೆಲ್ಲ ಶೂನ್ಯಮಾಸ,
ನನಗೆ ಮೂವತ್ತು ರಾತ್ರಿಯ ನೆಮ್ಮದಿ:
ಅಷ್ಟಗಲ ಅಂಗಳಕ್ಕೆ ಒಂದೇ ಕಾರು,
ಬಾನೆಟ್ಟಿನ ಬಿಸಿಗೆ ಒರಗಿದ ನಾಯಿ.
ಶ್ರಾವಣ ಬಿದ್ದದ್ದೇ ಗೇಟಿಗೆ ಬಾಳೆಕಂದು.
ನಾನು ಸೀಟು ಹಿಂದಕ್ಕೆ ಮಡಚಿ
ಆಶ್ರಮದ ತಿರುವಿನಲ್ಲಿ ಅರೆನಿದ್ದೆ,
ಬೀಟಿನ ಪೊಲೀಸು ಗಾಜು ತಟ್ಟುವವರೆಗೆ.

ಅಂಥದೊಂದು ರಾತ್ರಿ, ಹನ್ನೊಂದೂ ಇಪ್ಪತ್ತಕ್ಕೆ ಫೋನು.
"ಮೇಡಂ, ಕಾರು ತನ್ನಿ."
ನಾಳೆ ಲಗ್ನ ಅಲ್ವಾ?
"ಇತ್ತು."

ಹೋದೆ. ಸೀರಿಯಲ್ ಸೆಟ್ಟು ಇನ್ನೂ ಮಿಣುಕುತ್ತಿತ್ತು,
ಬಾಡಿಗೆ ಬೆಳಗಿನ ತನಕ ಕಟ್ಟಿಯಾಗಿದೆ.
ಹೆಚ್ಚಿಟ್ಟ ಕುಂಬಳಕಾಯಿ ಏನು ಮಾಡೋದು ಅಂತ
ಅಡುಗೆಯವರು ಮೆಟ್ಟಿಲ ಮೇಲೆ ಬೀಡಿ ಹಚ್ಚಿದ್ದರು.
ಕಮಾನಿನ ಥರ್ಮಾಕೋಲಿನಲ್ಲಿ
ಎಡದ ಹೆಸರು ಕಿತ್ತಿದ್ದರು, ಬಲದ್ದನ್ನೂ.
ನಡುವಿನ ‘ವೆಡ್ಸ್’ ಉಳಿದಿತ್ತು,
ಕೈಗೆ ಎಟುಕಲಿಲ್ಲವೋ ಏನೋ.

ಅದರಡಿ ಹಾಯಿಸಿ ನಿಲ್ಲಿಸಿದೆ.
ಹ್ಯಾಂಡ್‌ಬ್ರೇಕಿನ ಸದ್ದಿಗೆ
ಸಾಲು ಸಾಲು ಖಾಲಿ ಕುರ್ಚಿಗಳ ನಡುವಿಂದ
ಒಬ್ಬರು ತಲೆಯೆತ್ತಿ ನೋಡಿದರು.
ಹುಡುಗಿಯ ಅಪ್ಪನೋ, ಹುಡುಗನ ಅಪ್ಪನೋ.
ಹೆಡ್‌ಲೈಟು ಆರಿಸುವುದು ತಡವಾಯಿತು ನನಗೆ.

ನಲವತ್ತು ರೂಪಾಯಿ ಚಾಚಿದೆ,
ಇವತ್ತು ಬೇಡ ಅನ್ನುತ್ತಾರೇನೋ ಅಂದುಕೊಂಡು.
ಗಂಗಬೈರಯ್ಯ ಎಣಿಸಿದರು, ಪೆನ್ನು ತೆಗೆದರು,
ಆ ಲಗ್ನದ ಲೆಕ್ಕದ ಕೆಳಗೇ ಬರೆದುಕೊಂಡರು:
ಕಾರು, ಒಂದು.

ನಡೆದು ಬಂದೆ.
ಗಲ್ಲಿಯ ಒರಳುಕಲ್ಲಿನ ಮೇಲೆ ಅರೆಗಳಿಗೆ ಕೂತೆ.
ಯಾರೂ ಏಳು ಅನ್ನಲಿಲ್ಲ.