ನಾಯಿ ದಪ್ಪವಾದ ಕಾರಣ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ.
ನಮ್ಮಲ್ಲಿ ಜಗಳ ಇರಲಿಲ್ಲ,
ಮಾತೇ ಇರಲಿಲ್ಲ,
ನಾಯಿ ದಪ್ಪವಾಯಿತು.

ಸೆತೂಬಲ್ ಬಂದರಿನ ಹಿಂದಿನ ಬೀದಿ, ಮೂರನೇ ಮಹಡಿ.
ಬೆಳಿಗ್ಗೆ ಅದೆಲಿನು ಹಾಕುತ್ತಿದ್ದ, ದೋಣಿಕಟ್ಟೆಗೆ ಹೋಗುವ ಮುಂಚೆ.
ಆಮೇಲೆ ನಾನು.
ಶಾಲೆಯಿಂದ ಬಂದು ತೆಲ್ಮು.
ಹಾಕಿದೆಯಾ ಎಂದು ಯಾರು ಯಾರನ್ನು ಕೇಳಬೇಕು?
‘ಬೊಲೋತಾ, ನಿನ್ನ ಯಜಮಾನನಿಗೆ ಹೇಳು, ಸೂಪು ಒಲೆಯ ಮೇಲಿದೆ.’
‘ಬೊಲೋತಾ, ಅವಳಿಗೆ ಹೇಳು, ಉಪ್ಪು ಹೆಚ್ಚಾಗಿದೆ.’
ಪಾಪ, ಬಾಲವಾಡಿಸಿ ಎರಡೂ ಕಡೆಗೆ ನಿಷ್ಠೆ ತೋರುತ್ತಿತ್ತು.

ಪಶುವೈದ್ಯ ತಕ್ಕಡಿಯ ಮುಳ್ಳು ನೋಡಿ ಕೇಳಿದ:
ಇದಕ್ಕೆ ಊಟ ಹಾಕುವವರು ಯಾರು?
ಮೂವರೂ ‘ನಾನು’ ಅಂದೆವು.
ಒಂದೂವರೆ ವರ್ಷದಲ್ಲಿ ಒಟ್ಟಿಗೆ ಆಡಿದ ಮೊದಲ ಮಾತು.

ಡಾಕ್ಟರ್ ಬೆನೆದೀತಾಳ ಕೋಣೆಯಲ್ಲಿ ನಾಲ್ಕು ಕುರ್ಚಿ.
ಒಂದರ ಕಾಲು ಅಲುಗಾಡುತ್ತಿತ್ತು,
ಅದೆಲಿನು ಬಗ್ಗಿ ಅದನ್ನೇ ನೋಡುತ್ತ ಕೂತ.
ತಪ್ಪು ಯಾರದೆಂದು ಕೇಳುತ್ತಾಳೆ ಅಂದುಕೊಂಡು
ನಾನು ಪಟ್ಟಿ ಬರೆದು ತಂದಿದ್ದೆ, ಹದಿನೇಳು ವರ್ಷದ ಪಟ್ಟಿ.
ಅವಳು ಕೇಳಿದ್ದು ಹುಡುಗನನ್ನು.
‘ಅಮ್ಮ ಸುಮ್ಮನಾದರೆ ಅಪ್ಪ ಏನು ಮಾಡುತ್ತಾನೆ?’
‘ನಲ್ಲಿ ರಿಪೇರಿ. ಕೆಟ್ಟಿರದಿದ್ದರೂ.’
‘ಆಗ ಅಮ್ಮ?’
‘ಇಸ್ತ್ರಿ. ಟವೆಲ್ಲು, ಕಾಲುಚೀಲ, ಏನು ಸಿಕ್ಕಿದರೂ.’
‘ನೀನು?’
‘ನಾಯಿಗೆ ಹಾಕ್ತೀನಿ.’
ತುಸು ತಡೆದು:
‘ಆ ಮನೇಲಿ ಸದ್ದು ಮಾಡ್ಕೊಂಡು ತಿನ್ನೋದು ಅದೊಂದೇ.’

ಪಟ್ಟಿ ನನ್ನ ಚೀಲದಲ್ಲೇ ಉಳಿಯಿತು.

ಎರಡನೇ ವಾರ ಅದೆಲಿನು ಬರಲಿಲ್ಲ.
ಬರದವನ ಕುರ್ಚಿಯನ್ನು ಅವಳು ತೆಗೆಯಲೂ ಇಲ್ಲ.
ನಾಲ್ಕನೇ ವಾರ ಬಂದ, ಮೀನುವಾಸನೆಯ ಬೂಟುಗಳಲ್ಲೇ,
ಯಾರ ಮುಖವನ್ನೂ ನೋಡದೆ ಹೇಳಿದ:
‘ಮೆಟ್ಟಿಲ ಮೇಲೆ ಇಸ್ತ್ರಿಪೆಟ್ಟಿಗೆಯ ಬುಸ್ಸೆನ್ನುವುದು ಕೇಳಿಸಿದರೆ
ನನಗೆ ಬಾಗಿಲು ತೆರೆಯಲು ಭಯ.’

ಭಯ! ಈ ಮನುಷ್ಯನಿಗೆ!
ಬಾಗಿಲ ಹೊರಗೆ ಅವನು ನಿಲ್ಲುತ್ತಿದ್ದ ಆ ಎರಡು ನಿಮಿಷವನ್ನು
ನಾನು ಸಿಟ್ಟು ಎಂದೇ ಓದುತ್ತ ಬಂದಿದ್ದೆ.

ಎಲ್ಲ ಸರಿಹೋಯಿತೆಂದು ಹೇಳಲಾರೆ.
ಫ್ರಿಜ್ಜಿನ ಮೇಲೆ ಒಂದು ಚೀಟಿ, ದಾರಕ್ಕೆ ಕಟ್ಟಿದ ಪೆನ್ಸಿಲ್ಲು.
ಹಾಕಿದವರು ಗೀಟೆಳೆಯಬೇಕು.
ಗುರುವಾರ ಎರಡು ಗೀಟು,
ಶುಕ್ರವಾರ ಒಂದೂ ಇಲ್ಲ.
ಇವತ್ತು ಅದಕ್ಕೇ ಜಗಳ, ಬಾಯಿತುಂಬ,
ಕೆಳಮನೆಯ ಒತೀಲಿಯಾ ಪೊರಕೆಹಿಡಿಯಿಂದ ಸೂರು ಕುಟ್ಟುವಷ್ಟು:
ನಿನ್ನ ಸರದಿ, ನನ್ನದಲ್ಲ, ಯಾವಾಗ ಹೇಳಿದೆ,
ಈಗ ಹೇಳ್ತಿದ್ದೀನಲ್ಲ!

ಬೊಲೋತಾ ಬರಿದಾದ ಬಟ್ಟಲ ಪಕ್ಕ ನಿಂತು
ಒಬ್ಬೊಬ್ಬರ ಮುಖ ನೋಡುತ್ತಿದೆ.
ಯಾರೂ ಅದಕ್ಕೆ ಏನೂ ಹೇಳುತ್ತಿಲ್ಲ.