ಕಟ್ಟಿದ ಕಿವಿ

ಮೆಕೆಲೆ ಬಿಟ್ಟಾಗ ಇನ್ನೂ ಕತ್ತಲೆ, ಮೈಮೇಲೆ ಶಾಲು.
ತಿರುವು ತಿರುವಿಗೆ ಇಳಿಯುತ್ತ ಶಾಲು ಮಡಿಲಿಗೆ ಬಂತು,
ಮಡಿಲಿಂದ ಸೀಟಿನ ಕೆಳಕ್ಕೆ.
ಆಮೇಲೆ ನನ್ನ ಎಡಗಿವಿ ಕಟ್ಟಿತು.
"ಎಂಜಲು ನುಂಗಿ, ಟೀಚರ್," ಅಂದ ತೆಸ್ಫಾಲೆಮ್,
"ಈಗ ಸಮುದ್ರಕ್ಕಿಂತ ಕೆಳಗಿದ್ದೇವೆ."
ಹನ್ನೊಂದು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದವಳು ನಾನು:
ಒಂದು ಗೆರೆ, ಅದರ ಕೆಳಗೊಂದು ಬಾಣ.
ಬಾಣದ ತುದಿಯಲ್ಲಿ ಇಷ್ಟು ಬಿಳುಪಿದೆಯೆಂದು
ಸೀಮೆಸುಣ್ಣಕ್ಕೂ ಗೊತ್ತಿರಲಿಲ್ಲ.

ಟೈರಿನ ಗಾಳಿ ಸ್ವಲ್ಪ ಬಿಟ್ಟು ಉಪ್ಪಿನ ಮೇಲಿಳಿದೆವು.
ಹಪ್ಪಳ ಮುರಿದ ಸದ್ದು, ಬಲಗಿವಿಗೆ ಮಾತ್ರ.
ದೂರಕ್ಕೆ ಎಳ್ಳು ಚೆಲ್ಲಿದಂತಿದ್ದದ್ದು
ಹತ್ತಿರವಾಗುತ್ತ ಒಂಟೆ, ಕತ್ತೆ, ಕೊನೆಗೆ ಮನುಷ್ಯರು.
ಸನ್ನೆಗೋಲು ಕೊಟ್ಟು ನೆಲವನ್ನೇ ಎಬ್ಬಿಸುತ್ತಾರೆ,
ಎದ್ದ ನೆಲವನ್ನು ಬಾಚಿಯಲ್ಲಿ ಕೆತ್ತಿ ಇಟ್ಟಿಗೆ ಮಾಡುತ್ತಾರೆ.
ಅಳತೆಪಟ್ಟಿಯಿಲ್ಲ. ಮೊಣಕೈಗೆ ಗೊತ್ತು.
ನಮ್ಮ ಮುತ್ತಜ್ಜ ಹೋರಿ ಕೊಂಡದ್ದು ಇಂಥ ಇಟ್ಟಿಗೆ ಎಣಿಸಿ.
ಬೆಟ್ಟ ಹತ್ತಿದಷ್ಟೂ ಬೆಲೆಯೇರುವ ದುಡ್ಡು,
ಒಂದು ಮಳೆಗೆ ಸಿಕ್ಕರೆ
ಯಜಮಾನನ ಕಣ್ಣೆದುರೇ ಹರಿದುಹೋಗುವ ದುಡ್ಡು.

ಒಂದು ಚೂರು ನಾಲಿಗೆಗಿಟ್ಟೆ.
ಉಗಿದೆ.
"ಅದು ಮೇಲಿನ ಪದರ, ಕಹಿ. ಒಂಟೆಯೂ ಮೂಸುವುದಿಲ್ಲ,"
ಕಡಾಫೊ ನಕ್ಕ. ಅವನ ಪಾದದಲ್ಲಿ ಉಪ್ಪು ಕೊರೆದ ಹುಣ್ಣು.
ಬೆರಹಲೆಯ ತನಕ ಗಾಡಿಯಲ್ಲಿ ಜಾಗ ಬೇಕಿತ್ತು,
ಆದರೆ ಹೊಸ ರಸ್ತೆ ಬೇಡವಂತೆ:
"ಅಲ್ಲಿ ಯಾರೂ ಸಿಗುವುದಿಲ್ಲ."

ಹೀಗೆ ಸಾಬಾ ಹಳ್ಳದ ಕಮರಿಗೆ ನುಗ್ಗಿದೆವು.
ಎರಡು ಗೋಡೆ, ನಡುವೆ ಹಿಮ್ಮಡಿ ಮುಳುಗದ ನೀರು,
ಮೇಲೆ ಲಾಡಿಯಷ್ಟು ಆಕಾಶ.
ಬೂದು, ಕಾವಿ, ಮತ್ತೆ ಬೂದು,
ಪಾಠದ ಪದರಗಳೆಲ್ಲ ಹಾಜರಿ ಹೇಳುತ್ತಿದ್ದವು.
ನಾನು ಲೆಕ್ಕ ಹಾಕುತ್ತಿದ್ದೆ.
"ನಿಲ್ಲಿಸು," ಅಂದ ಕಡಾಫೊ.

ಎದುರಿಗೊಬ್ಬ, ಐದು ಒಂಟೆ.
ಇಬ್ಬರೂ ಕೈ ಹಿಡಿದರು, ಕೈಗೆ ಮುತ್ತಿಟ್ಟರು,
ಗೋಡೆಯ ನೆರಳಿಗೆ ಕುಕ್ಕರುಗಾಲಲ್ಲಿ ಕೂತರು.
"ದಾಗು," ತೆಸ್ಫಾಲೆಮ್ ಇಂಜಿನ್ ಆರಿಸಿದ,
"ಇವರಲ್ಲಿ ಸುದ್ದಿ ಕೊಡದೆ ದಾಟಿಹೋಗುವಂತಿಲ್ಲ.
ಬೇಕಾದರೆ ಬಾಯಾರಿ ಸಾಯಬಹುದು."

ಏನು ಸುದ್ದಿ?
ಪಡುವಣ ಅಂಚಿಗೆ ನೀರು ಏರಿದೆ.
ಬಿಳಿ ಒಂಟೆ ಕಂದು ಹಾಕಿದೆ.
ಯಾರದೋ ಮದುವೆ ಮುರಿದಿತ್ತು, ಮತ್ತೆ ಕೂಡಿದೆ.
ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು
ಬೇರೆ ಬೇರೆ ಗಂಟು ಕಟ್ಟಿ ಕೊಡಬೇಕಂತೆ.
ಬೆರೆಸಿದವನ ಮಾತು ಮುಂದೆ ಯಾರೂ ಹೊರುವುದಿಲ್ಲ.

ಎರಡನೆಯವನು ಸಿಕ್ಕ. ಮೂರನೆಯವನು.
ಐದನೆಯವನ ಹೊತ್ತಿಗೆ ರೇಡಿಯೇಟರ್ ತಣ್ಣಗಾಗಿತ್ತು,
ತೆಸ್ಫಾಲೆಮ್ ಕುದಿಯುತ್ತಿದ್ದ.
ಆರನೆಯವನು ಹುಡುಗ, ಹನ್ನೆರಡಿದ್ದೀತು, ಎರಡು ಕತ್ತೆ.
ಅವನಿಗೂ ಕಡಾಫೊ ಹುಣ್ಣಿನ ಕಾಲು ಊರಿ ಇಳಿದ,
ಹಿರಿಯರಿಗೆ ಕೊಟ್ಟಷ್ಟನ್ನೇ ಕೊಟ್ಟ, ಒಂದು ಮಾತು ಕಡಿಮೆಯಿಲ್ಲ.
ಹುಡುಗ ಕಣ್ಣು ಕೀಳದೆ ತೆಗೆದುಕೊಂಡ,
ನಡುವೆ ಒಮ್ಮೆ ನನ್ನತ್ತ ತಿರುಗಿ
ತನ್ನ ಎಡಗಿವಿ ಮುಟ್ಟಿಕೊಂಡ.

ನನ್ನ ತರಗತಿಯಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ.
ನಾನು ಹೀಗೆ ಹೇಳಿದ್ದಿದೆಯೇ,
ಅದೂ ನೆನಪಾಗಲಿಲ್ಲ.

ಕಾದ ಕಲ್ಲಿಗೆ ಹಿಟ್ಟು ಮೆತ್ತಿ ಸುಟ್ಟ ರೊಟ್ಟಿ
ಹಂಚಿ ತಿಂದೆವು ದಾರಿಯಲ್ಲಿ. ಕಲ್ಲು ಕಡಾಫೊನ ಪಾಲಿಗೆ,
ಹುಣ್ಣಿಗೆ ಶಾಖ ಕೊಡಲು.

ಬೆರಹಲೆ ಸೇರಿದಾಗ ಎಂಟು ದಾಟಿತ್ತು.
ನಮ್ಮನ್ನು ಯಾವ ಗಾಡಿಯೂ ಹಿಂದೆ ಹಾಕಿರಲಿಲ್ಲ,
ಸಿಕ್ಕವರೆಲ್ಲ ಕೆಳಕ್ಕೆ, ಉಪ್ಪಿನ ಕಡೆ ಹೊರಟವರು,
ಕಡಾಫೊ ಇನ್ನೂ ಸೀಟಿನಿಂದ ಕಾಲು ಕೆಳಗಿಟ್ಟಿರಲಿಲ್ಲ.
ಚಹಾದಂಗಡಿಯ ಮೊಮಿನಾ ಲೋಟ ತೊಳೆಯುತ್ತ ಕೇಳಿದಳು:
"ಕಹಿ ಉಪ್ಪು ತಿಂದ ಟೀಚರ್ ನೀನೇ ತಾನೆ?
ಕಿವಿ ಬಿಟ್ಟಿತಾ?"

ಎಂಜಲು ನುಂಗಿ ನೋಡಿದೆ.
"ಇನ್ನೂ ಇಲ್ಲ," ಅಂದೆ.

ಅವಳು ಒಳಕ್ಕೆ ತಿರುಗಿ
ಕತ್ತಲೆಯಲ್ಲಿದ್ದ ಯಾರಿಗೋ ಹೇಳಿದಳು:
"ಇನ್ನೂ ಇಲ್ಲವಂತೆ."